ಗೋಡೆಯ ಬಿರುಕಿನಲ್ಲಿಟ್ಟ ಕೂದಲು

ಕೊಳ್ಳೇಗಾಲದವರು ಅಂದರೆ ಸಾಕು, ಹೊರಗಿನವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಮಾಟ ಮಾಡುವ ಊರಂತೆ. ನಾವು ನಕ್ಕು ಸುಮ್ಮನಾಗುತ್ತೇವೆ. ಆದರೆ ಈ ಊರಲ್ಲೇ ಹುಟ್ಟಿದ ನಾನು ಒಂದು ಸಲ, ನನ್ನ ಓರಗಿತ್ತಿ ನನಗೆ ಮಾಟ ಮಾಡುತ್ತಿದ್ದಾಳೆಂದು ಮನೆಮಂದಿಯೆಲ್ಲರ ಮುಂದೆ ಕೂಗಾಡಿದವಳು.

ಕೊಳ್ಳೇಗಾಲ ಇನ್ನೂ ಮದ್ರಾಸಿನ ಕಡೆಗಿದ್ದ ಕಾಲ. ನಮ್ಮದು ಎರಡು ಮಗ್ಗದ ಮನೆ. ರೇಷ್ಮೆ ಸೀರೆ ನೇಯುವವರು ಗಂಡಸರು. ಮಗ್ಗದ ಮೇಲಿನ ಹಳೆಯ ಹಾಸು ಮುಗಿಯುವಾಗ ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಎಳೆ ಸೇರಿಸಿ ಹೊಸೆಯುವವರು, ನಮ್ಮ ಮಾತಿನಲ್ಲಿ 'ಊಡುವವರು', ನಮ್ಮತ್ತೆ. ಗಂಟು ಹಾಕುವಂತಿಲ್ಲ. ಬೆರಳಿಗೆ ಬೂದಿ ಮುಟ್ಟಿಸಿಕೊಂಡು ತಿರುಚಬೇಕು, ಅಷ್ಟೆ. ಅಂಥವು ಸಾವಿರಾರು ಎಳೆ. ಅತ್ತೆಗೆ ಕಣ್ಣು ಮಂಜಾಗುತ್ತಾ ಬಂದಿತ್ತು. ಆ ಕೆಲಸ ಯಾವ ಸೊಸೆಯ ಕೈಗೆ ಹೋಗುತ್ತದೋ ಅವಳ ಮಾತಿಗೆ ಮುಂದೆ ಮನೆಯಲ್ಲಿ ತೂಕ.

ಅದು ನನ್ನದೇ ಎಂದು ನಾನು ತೀರ್ಮಾನಿಸಿಯಾಗಿತ್ತು. ಮದುವೆಯಾಗಿ ಬಂದ ವಾರದಲ್ಲೇ, ಯಾರೂ ಹೇಳಿಕೊಡದೆ, ಎಳೆ ಹೊಸೆದು ತೋರಿಸಿದ್ದೆ. 'ಈ ಮಗಿಗೆ ಕೈಗುಣ ಅದೆ' ಎಂದಿದ್ದರು ಮಾವ. ಆ ಒಂದು ಮಾತಿನ ಮೇಲೆ ಆರು ವರ್ಷ ಮೆರೆದೆ. ಬೇಕೆನಿಸಿದಾಗ ಹಾಸಿನ ಮುಂದೆ ಕೂತೆ, ಬೇಜಾರಾದಾಗ ಎದ್ದೆ. ಬಂದ ವಿದ್ಯೆಯನ್ನು ಮತ್ತೆ ಕಲಿಯುವುದೇನಿದೆ?

ಮೈದುನನ ಹೆಂಡತಿ ಬಂಡಳ್ಳಿಯವಳು. ರಾಗಿ ಹೊಲದಲ್ಲಿ ಕಳೆ ಕಿತ್ತು ಒರಟಾದ ಕೈ. ಮೊದಲ ದಿನ ರೇಷ್ಮೆ ಎಳೆ ಅವಳ ಬೆರಳಿನ ಒಡಕಿಗೇ ಸಿಕ್ಕಿಕೊಂಡು ಹರಿಯಿತು. 'ನಿಮ್ಮಪ್ಪನ ಎತ್ತಿನ ಅಗ್ಗ ಅನ್ಕಂಡಾ ಇದ?' ಎಂದೆ. ನಾನು ಸೆರಗು ಅಡ್ಡ ಹಿಡಿದು ನಕ್ಕೆ.

ವರ್ಷ ತುಂಬುವುದರೊಳಗೆ ಅತ್ತೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳತೊಡಗಿದರು. ಅವಳು ಹೊಸೆದದ್ದು ನಿಲ್ಲುತ್ತಿತ್ತು, ನಾನು ಹೊಸೆದದ್ದು ಜಾರುತ್ತಿತ್ತು. ಆ ಕೈಗೆ ಇದು ಹೇಗೆ ಬಂತು? ನನ್ನ ಕೈಯಿಂದ ಹೇಗೆ ಹೋಯಿತು?

ಅದೇ ದಿನಗಳಲ್ಲಿ ಇನ್ನೊಂದು ಕಂಡೆ. ತಲೆ ಬಾಚಿದಾಗ ಉದುರಿದ ಕೂದಲನ್ನು ಉಂಡೆ ಮಾಡಿ ಹಿತ್ತಿಲ ಗೋಡೆಯ ಬಿರುಕಿಗೆ ತುರುಕುವುದು ನಮ್ಮ ರೂಢಿ. ಕೂದಲು ಕೊಳ್ಳುವವಳು ಬಂದರೆ ಅದಕ್ಕೆ ಪಿನ್ನು ಕೊಡುತ್ತಾಳೆ. ನಾನಿಟ್ಟ ಉಂಡೆ ಮಾರನೆಯ ದಿನ ಇರುತ್ತಿರಲಿಲ್ಲ. ಅತ್ತೆಯದು ಇದ್ದಲ್ಲೇ ಇತ್ತು. ನನ್ನದು ಮಾತ್ರ ಮಾಯ. ಹೆಂಗಸಿನ ತಲೆಗೂದಲು ಎಂಥವರ ಕೈ ಸೇರಬಾರದೆಂದು ಈ ಊರಿನಲ್ಲಿ ಯಾರೂ ಹೇಳಿಕೊಡಬೇಕಿಲ್ಲ.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ನಾಲ್ಕನೆಯ ದಿನ ಮಧ್ಯಾಹ್ನ, ಎಲ್ಲರೂ ಉಂಡು ಅಡ್ಡಾದ ಹೊತ್ತು, ಅವಳು ಹಿತ್ತಿಲಿಗೆ ಹೋಗಿ ಒರಳಿನ ಮರೆಯಲ್ಲಿ ಕೂತಳು. ಮುಂದೆ ಬೂದಿ. ಬೆರಳಲ್ಲಿ ಕೂದಲು. ಕಣ್ಣು ಮುಚ್ಚಿದ್ದಾಳೆ, ತುಟಿ ಅಲ್ಲಾಡುತ್ತಿದೆ. ಇನ್ನೇನು ಬೇಕು? ಜುಟ್ಟು ಹಿಡಿಯುವುದೊಂದು ಬಾಕಿ. ಕೈ ಹಿಡಿದು ಒಳಗೆ ಎಳೆದುಕೊಂಡು ಬಂದು ಎಲ್ಲರನ್ನೂ ಎಬ್ಬಿಸಿದೆ.

'ನೋಡಿ ಅತ್ತೆ, ನಿಮ್ಮ ಮುದ್ದಿನ ಸೊಸೆ. ನನ್ನ ಕೈಯ ಕಟ್ಟಾಕಿಸವಳೆ.'

ಅತ್ತೆ ಅವಳ ಮಡಿಲಿನ ಬಟ್ಟೆಗಂಟು ಬಿಚ್ಚಿಸಿದರು. ಒಳಗಿದ್ದದ್ದು ಒಂದು ಕಡ್ಡಿ. ಅದಕ್ಕೆ ಸುತ್ತಿದ ಕೂದಲು. ಅತ್ತೆ ತುದಿ ಹಿಡಿದು ಎಳೆದರು. ಅದು ಬರುತ್ತಲೇ ಹೋಯಿತು. ಮಗ್ಗದ ಮನೆಯ ಈ ಗೋಡೆಯಿಂದ ಆ ಗೋಡೆಗೆ ಮುಟ್ಟಿಯೂ ಮುಗಿಯಲಿಲ್ಲ. ಒಂದೊಂದೇ ಕೂದಲನ್ನು ತುದಿಗೆ ತುದಿ ಹೊಸೆದಿದ್ದಳು.

'ತುಟಿ ಅಲ್ಲಾಡ್ತಿತ್ತಲ್ಲ, ಏನವ್ವ ಅದು?' ಎಂದು ಕೇಳಿದರು ಅತ್ತೆ.

'ಎಷ್ಟು ಜಾರುದ್ವು ಅಂತ ಎಣಿಸ್ತಿದ್ದೆ ಕಣತ್ತೆ. ದಿನಾ ಇನ್ನೂರು ಊಡ್ತೀನಿ. ರೇಸ್ಮೆ ಆಳು ಮಾಡಕ್ಕೆ ಭಯ. ಅಕ್ಕನ ಕೂದ್ಲು ಬಲು ನಯ, ರೇಸ್ಮೆಗಿಂತ ಜಾರ್ತದೆ. ಅದ್ರಲ್ಲಿ ಊಡಿದ್ದು ಕೂತರೆ ಎಲ್ಲದ್ರಲ್ಲೂ ಕೂತ್ಕತದೆ ಅಂತ.'

ಅವಳ ಬೆರಳು ನೋಡಿದೆ. ಒಡಕೆಲ್ಲ ಕೂಡಿ ನುಣ್ಣಗಾಗಿತ್ತು. ಅತ್ತೆ ನನ್ನ ಕಡೆ ತಿರುಗಲೂ ಇಲ್ಲ. 'ನಾಳೆ ಹಾಸು ನೀನೇ ಊಡವ್ವ' ಎಂದರು ಅವಳಿಗೆ.

ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಕೂದಲಿನ ಕತೆಯನ್ನು ನಾನು ನಂಬಲೇ ಇಲ್ಲ. ಎಲ್ಲಾದರೂ ಅಂಟು ಬಳಿದಿರಬೇಕು, ಇಂದಲ್ಲ ನಾಳೆ ಬಿಚ್ಚಿಕೊಳ್ಳುತ್ತದೆ ಎಂದು ಕಾದೆ. ಮೂರನೆಯ ದಿನ ಅವಳು ನೀರಿಗೆ, ಅತ್ತೆ ಪಕ್ಕದ ಮನೆಗೆ ಹೋದಾಗ ಹಾಸಿನ ಮುಂದೆ ಕೂತು, ಅವಳು ಹೊಸೆದ ಎಳೆಗಳನ್ನು ಒಂದೊಂದಾಗಿ ಜಗ್ಗಿದೆ. ನಿಂತವು. ಸಿಟ್ಟು ನೆತ್ತಿಗೇರಿ ಒಂದನ್ನು ಜೋರಾಗಿ ಎಳೆದೆ. ಹರಿಯಿತು. ಹರಿದದ್ದು ಹೊಸೆದ ಕಡೆ ಅಲ್ಲ, ಅದರ ಪಕ್ಕದಲ್ಲಿ, ಗಟ್ಟಿ ಎಳೆಯಲ್ಲೇ. ಅವಳ ಹೊಸೆತ ಇನ್ನೂ ಹಾಗೇ ಕೂತಿತ್ತು.

ತಲೆ ಎತ್ತಿದರೆ ಬಾಗಿಲಲ್ಲಿ ಕೊಡ ಹೊತ್ತು ನಿಂತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ. ಅತ್ತೆಯನ್ನು ಕೂಗುತ್ತಾಳೆಂದುಕೊಂಡೆ. ಅವಳು ಕೊಡ ಇಳಿಸಿ, ಬೂದಿಯ ಬಟ್ಟಲನ್ನು ನನ್ನ ಕಡೆ ತಳ್ಳಿದಳು.

'ಅತ್ತೆ ಬರಾಗಂಟ ಹೊತ್ತದೆ. ಊಡಿ ಅಕ್ಕ.'

ಮೊದಲ ಸಲ ಜಾರಿತು. ಎರಡನೆಯ ಸಲವೂ ಜಾರಿತು. ಆರು ವರ್ಷದ ಕೈಗುಣ ನನ್ನ ಬೆರಳಿನಲ್ಲಿ ಎಲ್ಲೂ ಇರಲಿಲ್ಲ. ಅವಳು ನಗಲಿಲ್ಲ, ನನ್ನ ಪಕ್ಕ ಕೂತು, ಮೆಲ್ಲಗೆ, 'ಎರಡು' ಎಂದು ಎಣಿಸಿದಳು.