ಧನಿಗಳು ಕಿವಿಯಲ್ಲಿ ಕೊಟ್ಟ ಮಾತು

ಮೊನ್ನೆ ಕಾಪುವಿನಲ್ಲಿ ತಮ್ಮನ ಮನೆಯ ಜಗಲಿಯಲ್ಲಿ ನಾವು ಮೂವರು ಕುಳಿತಿದ್ದೆವು, ನಾನು, ತಮ್ಮ ಮತ್ತು ಅವನ ಅಳಿಯ. ಅಂಗಳಕ್ಕೆ ಮೀನಿನ ಹೆಂಗಸು ಬಂದು ಬುಟ್ಟಿ ಇಳಿಸಿ ಮೇಲಿನ ಒದ್ದೆ ಗೋಣಿ ಸರಿಸಿದಳು. ಬೂತಾಯಿಯ ಆ ಹಸಿ ವಾಸನೆ... ನಾನು ಚಹಾದ ಲೋಟ ಕೆಳಗಿಟ್ಟು ಬುಟ್ಟಿಯನ್ನೇ ನೋಡಿದೆ. ಅಳಿಯನ ಮಾತು ಮಾತ್ರ ನಿಲ್ಲಲಿಲ್ಲ. ಸಂಘ, ಹೋರಾಟ ಎಲ್ಲ ಕೆಲಸವಿಲ್ಲದವರ ಕೆಲಸ, ಓಟು ಹಾಕಿದರೆ ನಮ್ಮ ರಾಜಕೀಯ ಮುಗಿಯಿತು ಎಂದ. ನಾನು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಅಲ್ಲಿ ಕೊಡದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಕಾಪುವಿನ ಬಸ್‌ಸ್ಟಾಪಿನ ಎದುರು ನಮ್ಮ ತಂದೆಯ ಸೋಡದಂಗಡಿ ಇತ್ತು. ಅದನ್ನು ಆಗ ನಾನೇ ನೋಡಿಕೊಳ್ಳುತ್ತಿದ್ದೆ. ಬೆಳಗ್ಗಿನ ಮೊದಲ ಬಸ್ಸು ಅಲ್ಲಿಂದ ಹೊರಟು ಕಟಪಾಡಿ, ಶಂಕರಪುರ, ಶಿರ್ವದ ಮೇಲೆ ಕಾರ್ಕಳಕ್ಕೆ, ಅಲ್ಲಿಂದ ಬಜಗೋಳಿಗೆ ಹೋಗುತ್ತಿತ್ತು. ಕಡಲ ಬದಿಯ ಹೆಂಗಸರಿಗೆ ಆ ಬಸ್ಸೇ ಅನ್ನ. ಅದು ತಪ್ಪಿ ಹೊತ್ತುಕೊಂಡು ನಡೆದರೆ ಮೀನು ಘಟ್ಟದ ಬುಡಕ್ಕೆ ಮುಟ್ಟುವಾಗ ಬೆಕ್ಕೂ ಮೂಸುತ್ತಿರಲಿಲ್ಲ. ಆದರೆ ಬಸ್ಸಿನ ಧನಿಗಳ ಅಪ್ಪಣೆ ಬೇರೆಯಾಗಿತ್ತು, ಮೀನಿನ ಬುಟ್ಟಿ ಹತ್ತಿಸಬಾರದು. ಅದೇ ಬಸ್ಸು ಶಂಕರಪುರದಲ್ಲಿ ನಿಂತಾಗ ಮಲ್ಲಿಗೆಯ ಕಟ್ಟುಗಳನ್ನು ಡ್ರೈವರೇ ಕೈಚಾಚಿ ತೆಗೆದುಕೊಂಡು ತನ್ನ ಪಕ್ಕದಲ್ಲಿ ಜೋಪಾನವಾಗಿ ಇಡುತ್ತಿದ್ದ!

ಆ ಹೆಂಗಸರಲ್ಲೊಬ್ಬಳಾದ, ಎಲ್ಲರೂ ಮೀನಿನಕ್ಕ ಎನ್ನುತ್ತಿದ್ದವಳನ್ನು ನಾನು ಕಂಡದ್ದು ಆಗ. ಅವಳು ಒಳ್ಳೆಯವಳು ಎಂದು ಬರೆದರೆ ಅವಳೇ ಎದ್ದು ಬಂದು ನನಗೆ ಬಯ್ದಾಳು. ಬಾಯಿ ತುಂಬ ಎಲೆಯಡಿಕೆ, ಅದಕ್ಕಿಂತ ಹೆಚ್ಚು ಬೈಗುಳ. ನಮ್ಮ ಸೋಡ ಕುಡಿದು, "ಸಾಯ್ಬರೇ, ಇದಕ್ಕಿಂತ ತೋಡಿನ ನೀರು ವಾಸಿ" ಎಂದು ಬಾಟಲಿ ಕುಕ್ಕುತ್ತಿದ್ದಳು. ಕಂಡಕ್ಟರನ ಜೊತೆ ಅವಳಿಗೆ ದಿನಾ ಜಗಳ. ಒಮ್ಮೆ ಅವನು ಅವಳ ಬುಟ್ಟಿಯನ್ನು ಕಾಲಿನಿಂದ ತಳ್ಳಿದ; ಮೀನೆಲ್ಲ ಮಾರ್ಗಕ್ಕೆ ಬಿತ್ತು. ಬಸ್ಸಿನೊಳಗಿದ್ದವರು ನಕ್ಕರು. ಉಳಿದ ಹೆಂಗಸರು ತಮ್ಮ ತಮ್ಮ ಬುಟ್ಟಿ ಹಿಡಿದುಕೊಂಡು ದೂರ ನಿಂತರು. ಒಬ್ಬಳೇ ಜಗಳ ಮಾಡಿದಳು, ಒಬ್ಬಳೇ ಸೋತಳು, ಒಬ್ಬಳೇ ಕುಕ್ಕರುಗಾಲಲ್ಲಿ ಕೂತು ಮಣ್ಣಿನಿಂದ ಮೀನು ಹೆಕ್ಕಿದಳು...

ಅಷ್ಟರಲ್ಲಿ ತಾಲೂಕು ಬೋರ್ಡಿನ ಚುನಾವಣೆ ಬಂತು. ಬಸ್ಸಿನ ಧನಿಗಳೇ ನಿಂತರು. ಬಿಳಿ ಪಂಚೆ ಉಟ್ಟು, ಕಾಲು ಹೂತುಹೋಗುವ ಹೊಯ್ಗೆಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಕಡಲ ಬದಿಯ ಮನೆಮನೆಗೆ ನಡೆದರು. ಆ ಮನುಷ್ಯನ ಜಾಣತನವನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಒಬ್ಬೊಬ್ಬ ಹೆಂಗಸನ್ನೂ ಬಾವಿಕಟ್ಟೆಯ ಹತ್ತಿರ ಬದಿಗೆ ಕರೆದು, ನಿನ್ನ ಬುಟ್ಟಿಗೆ ಬಸ್ಸಿನಲ್ಲಿ ಜಾಗ ಉಂಟು, ಚುನಾವಣೆ ಕಳೆಯಲಿ, ಬೇರೆಯವರಿಗೆ ಮಾತ್ರ ಹೇಳಬೇಡ ಎಂದು ಮೆಲ್ಲನೆ ಹೇಳಿದರು. ಪ್ರತಿಯೊಬ್ಬಳೂ ಆ ಗುಟ್ಟನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಳು. ಬಸ್ಸು ಸಿಗದ ಪಾಪದವರೆಂದು ಒಬ್ಬರನ್ನೊಬ್ಬರು ಕನಿಕರದಿಂದ ನೋಡಿದ್ದೂ ಉಂಟು.

ಗುಟ್ಟು ಒಡೆದದ್ದು ಉಪ್ಪು ಹಾಕುವ ಹೊತ್ತಿನಲ್ಲಿ. ಮಾರದೆ ಉಳಿದ ಮೀನಿಗೆ ಹೆಂಗಸರೆಲ್ಲ ಸಂಜೆ ದೋಣಿಯ ನೆರಳಿನಲ್ಲಿ ಒಟ್ಟಿಗೆ ಕೂತು ಉಪ್ಪು ಹಾಕುವುದು ಅಲ್ಲಿಯ ಕ್ರಮ. ಉಪ್ಪುಮೀನು ತರಲು ಹೋಗಿದ್ದ ನಮ್ಮ ತಾಯಿ ಅಲ್ಲೇ ಇದ್ದರು. ಮೀನಿನಕ್ಕ ತಲೆಯೆತ್ತದೆ ಕೇಳಿದಳಂತೆ, "ಧನಿ ನನಗೆ ಬಸ್ಸು ಕೊಟ್ಟ. ನಿಮಗೆ ಯಾರಿಗಾದರೂ ಕೊಟ್ಟನಾ?"

ಉಪ್ಪಿನ ಕೈಗಳು ನಿಂತವು. ಒಬ್ಬಳು ಹೂಂ ಎಂದಳು. ಮತ್ತೊಬ್ಬಳು. ಆಮೇಲೆ ಎಲ್ಲರೂ. ಕೊನೆಗೆ ಎಲ್ಲರ ಸಿಟ್ಟೂ ಧನಿಗಳ ಮೇಲಲ್ಲ, ಮೀನಿನಕ್ಕನ ಮೇಲೆ ತಿರುಗಿತು. ನಿನ್ನ ಬಾಯಿಯಿಂದ ನಮ್ಮದೂ ಹೋಯ್ತು ಎಂದು ಹಿರಿಯಳೊಬ್ಬಳು ಶಪಿಸಿದಳು.

"ಹೋಗಲಿಕ್ಕೆ ಬಂದಿದ್ದು ಎಲ್ಲಿ ಮಾರಾಯ್ತಿ?" ಎಂದಳಂತೆ ಅವಳು.

ಅಷ್ಟಕ್ಕೇ ಎಲ್ಲರೂ ಒಂದಾದರು ಎಂದುಕೊಳ್ಳಬೇಡಿ. ಕೊಟ್ಟ ಮಾತನ್ನು ಓಟಿಗೆ ಮೊದಲೇ ಕೇಳಿ ಪಡೆಯಬೇಕು ಎಂದು ಮೂರ್ನಾಲ್ಕು ದಿನ ಅವಳು ಮನೆಮನೆ ಹತ್ತಿಳಿದಳು. ಕೆಲವರು ಬಾಗಿಲು ಹಾಕಿದರು, ಕೆಲವರ ಗಂಡಂದಿರು ಹೊಡೆಯಲು ಬಂದರು. ಬೇಲಿಯ ಜಗಳದಲ್ಲಿ ವರ್ಷಗಟ್ಟಲೆ ಮಾತುಬಿಟ್ಟಿದ್ದ ಪಕ್ಕದ ಮನೆಗೂ ಹೋಗಿ, "ಜಗಳಕ್ಕೆ ಆಮೇಲೆ ಬರ್ತೇನೆ, ಸೋಮವಾರ ಬುಟ್ಟಿ ತಕ್ಕೊಂಡು ಬಾ" ಎಂದಳಂತೆ.

ಆ ಸೋಮವಾರ ನಾನು ಅಂಗಡಿಯ ಹಲಗೆ ತೆಗೆಯುತ್ತಿದ್ದೆ. ಹೆಂಗಸರು ಸಾಲಾಗಿ ಬಂದರು. ಮೊದಲನೆಯವಳು ಕಂಡಕ್ಟರನಿಗೆ ತನ್ನ ಬುಟ್ಟಿಗೆ ಜಾಗ ಉಂಟೆಂದು ಧನಿಗಳು ಹೇಳಿದ್ದಾರೆ ಎಂದಳು. ಅವನು ನಕ್ಕ. ಎರಡನೆಯವಳೂ ಅದನ್ನೇ ಹೇಳಿದಳು, ಮೂರನೆಯವಳೂ. ನಾಲ್ಕನೆಯವಳು ಬಾಯಿ ತೆರೆಯುವಾಗ ಅವನ ನಗು ನಿಂತಿತ್ತು. ಹತ್ತಿಸಲು ಒಪ್ಪದಿದ್ದಾಗ ಬುಟ್ಟಿಗಳನ್ನೆಲ್ಲ ಬಸ್ಸಿನ ಮುಂದೆ ಅಡ್ಡ ಇಟ್ಟು ಕೂತುಬಿಟ್ಟರು. ಒಳಗಿನವರು ಕಿಟಕಿಯಿಂದ ಬಯ್ದರು. ಕಾರ್ಕಳದ ಕೋರ್ಟಿಗೆ ಹೊರಟಿದ್ದ ಒಬ್ಬರು ನಾಚಿಕೆಗೆಟ್ಟವರು ಎಂದರು. ಇನ್ನಾರೋ ಬಾಳೆಹಣ್ಣಿನ ಸಿಪ್ಪೆ ಎಸೆದರು. ಮೀನಿನಕ್ಕ ಅದನ್ನು ಹೆಕ್ಕಿ, ಹಣ್ಣು ಎಲ್ಲಿ ಉಂಟು ಎಂದು ಕೇಳಿದಳು. ಹೆಂಗಸರು ನಕ್ಕರು. ಆ ನಗುವಿಗೆ ಕಂಡಕ್ಟರ್ ಹೆದರಿದ್ದನ್ನು ನಾನು ಕಂಡೆ.

ಬಿಸಿಲೇರುವಾಗ ಧನಿಗಳು ಕಾರಿನಲ್ಲಿ ಬಂದರು. ಮೀನು ಹಾಳಾಗುವ ಹೊತ್ತು. ಹೆಂಗಸರ ಮುಖ ಕಪ್ಪಿಟ್ಟಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಕೆಲವರು ಎದ್ದೇಬಿಡುತ್ತಿದ್ದರು. ಧನಿಗಳಿಗೂ ಅದು ಗೊತ್ತಿತ್ತು. ಸಿಟ್ಟು ನುಂಗಿಕೊಂಡು, ಮೀನಿನಕ್ಕನ ಹತ್ತಿರ ನಯವಾಗಿ, "ಬಾ ಅಕ್ಕ, ಸ್ವಲ್ಪ ಆಚೆ ಮಾತಾಡುವ" ಎಂದರು.

"ಆಚೆ ಬೇಡ ಧನಿಗಳೇ. ಆಚೆ ಹೇಳಿದ್ದನ್ನೇ ಈಚೆ ಹೇಳಿ."

ಅವರು ಸುತ್ತ ನೋಡಿದರು. ಚುನಾವಣೆ ಆ ವಾರವೇ ಇತ್ತು. ಎಲ್ಲರ ಬುಟ್ಟಿಯೂ ಹತ್ತಲಿ ಎಂದು ಹೇಳಿದ್ದು ಅರ್ಧ ಗಂಟಲಿನಲ್ಲಿ. ಇನ್ನೊಮ್ಮೆ ಹೇಳಿ, ಬಸ್ಸಿನೊಳಗಿನವರಿಗೆ ಕೇಳಲಿಲ್ಲ ಎಂದಳು ಅವಳು. ಹೇಳಿದರು. ಹಾಗಾದರೆ ಓಟು ನನಗೇ ಅಲ್ವಾ ಎಂದು ಕೈಮುಗಿದಾಗ ಅವಳು ಬುಟ್ಟಿ ಎತ್ತುತ್ತಾ, "ಬಸ್ಸಿಗೆ ಟಿಕೆಟು ತೆಗೀತೇವೆ. ಓಟು ಬೇರೆ" ಎಂದಳು.

ಧನಿಗಳು ಬೇರೆ ಊರಿನ ಓಟಿನಿಂದ ಗೆದ್ದರು. ಆದರೂ ಬಸ್ಸಿನ ಹಿಂದಿನ ಸೀಟು ಬಿಚ್ಚಿಸಿ ಬುಟ್ಟಿಗೆ ಜಾಗ ಮಾಡಬೇಕಾಯಿತು. ಆಮೇಲೆ ಹೆಂಗಸರು ನಳ್ಳಿನೀರಿಗೂ ಒಟ್ಟಿಗೆ ಹೋದರು, ರೇಷನ್ ಅಂಗಡಿಯ ಮೋಸಕ್ಕೂ ಒಟ್ಟಿಗೆ ಹೋದರು. ಓಟು ಒಂದು ದಿನದ್ದು, ಇವರದ್ದು ದಿನಾ. ಗೆದ್ದವರು ಅವರನ್ನು ಕಂಡರೆ ಕುರ್ಚಿ ಹಾಕಿಸುತ್ತಿದ್ದರು, ಪ್ರೀತಿಯಿಂದಲ್ಲ.

ಧನಿಗಳು ಮರೆಯಲಿಲ್ಲ. ಬೆದರಿಸಿದ್ದರೆ ಇವರು ಒಡೆಯುತ್ತಿರಲಿಲ್ಲವೇನೋ... ಒಬ್ಬಳನ್ನು ಯಾವುದೋ ಸಮಿತಿಗೆ ಸೇರಿಸಿದರು, ಒಬ್ಬಳ ಮಗನಿಗೆ ಕ್ಲೀನರ್ ಕೆಲಸ ಕೊಟ್ಟರು, ಒಬ್ಬಳನ್ನು ತಂಗಿ ಎಂದು ಕರೆದರು. ಎಂಬತ್ತರ ದಶಕ ನಡುವಿಗೆ ಬರುವಾಗ ಟೆಂಪೋಗಳು ಬಂದವು, ಐಸು ಬಂತು. ಒಟ್ಟಿಗೆ ಕೂತು ಉಪ್ಪು ಹಾಕುವುದೂ ನಿಂತಿತು. ಮೊಣಕಾಲು ಹಿಡಿದು ನಡೆಯಲಾಗದ ಮೀನಿನಕ್ಕ ಹೊಸ್ತಿಲಲ್ಲಿ ಕೂತು ಹೋಗಿಬರುವವರಿಗೆಲ್ಲ ಬಯ್ಯುತ್ತಿದ್ದಳು. ಅವಳಿಗೆ ಹುಚ್ಚು ಎಂದರು ಜನ. ಒಂದು ಮಳೆಗಾಲದಲ್ಲಿ ತೀರಿಕೊಂಡಳು.

ಈಗ ಆ ಅಂಗಡಿಯೂ ಇಲ್ಲ, ನಮ್ಮ ಮಾರ್ಗವೇ ಹೆದ್ದಾರಿಯ ಅಡಿಗೆ ಹೋಗಿದೆ. ಅಳಿಯನಂಥವರು ಮಾತ್ರ ಬೇಕಾದಷ್ಟು ಇದ್ದಾರೆ. ಹುಚ್ಚು ಎಂದವರನ್ನು ನಾನು ಇನ್ನೂ ಕ್ಷಮಿಸಿಲ್ಲ.

ಅವಳು ಹೋದ ಮರುವರ್ಷ, ಪೇಟೆಯಲ್ಲಿ ಹೆಂಗಸರು ಮೀನು ಮಾರಲು ಕೂರುತ್ತಿದ್ದ ಜಾಗಕ್ಕೆ ಬೇಲಿ ಹಾಕಿದರು. ಆ ಹೆಂಗಸರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಮೊದಲು ಬಂದವಳು ಬೇಲಿ ನೋಡಿ, ಬುಟ್ಟಿ ಎತ್ತಿಕೊಂಡು ಬೇರೆ ಜಾಗ ಹುಡುಕಲು ಹೋದಳಂತೆ. ಆಮೇಲೆ ಬಂದವರೂ ಹಾಗೆಯೇ ಹೋದರು, ಒಬ್ಬೊಬ್ಬರಾಗಿ.