ಗೋಡೆಯ ಹೊರಗಿನ ಸೇನಾನಿ

ಮಿಸಿಸಿಪ್ಪಿ ನದಿದಂಡೆಯ ಬೆಲ್‌ಫೋರ್ಡಿನಲ್ಲಿ ಬೂಟಿನಂಗಡಿಯ ಜೂಲಿಯಸ್ ಕಗನ್ನರಷ್ಟು ದೊಡ್ಡ ಸೇನಾನಿ ಇನ್ನೊಬ್ಬರಿರಲಿಲ್ಲ. ಅವರ ದಂಡೆಂದರೆ ಹುಲ್ಲು ಕತ್ತರಿಸುವ ಓಡೆಲ್ ಒಬ್ಬನೇ. ಕೋಟೆಯೆಂದರೆ ಯಹೂದಿಗಳ ಸ್ಮಶಾನ. ಆ ಕೋಟೆಯೊಳಗೆ ಕಾಲಿಡುವ ಹಕ್ಕು ಮಾತ್ರ ಸೇನಾನಿಗೇ ಇರಲಿಲ್ಲ.

ಕಗನ್ನರದು ಪುರೋಹಿತರ ವಂಶ. ಪೂಜೆ ಮಾಡಬೇಕಿದ್ದ ದೇವಾಲಯ ಉರುಳಿ ಎರಡು ಸಾವಿರ ವರ್ಷವಾದರೂ ಮಡಿ ಉರುಳಿರಲಿಲ್ಲ. ಶಾಸ್ತ್ರ ಒಪ್ಪುವಂತೆ ಹೆತ್ತವರಿಗೆ, ಹೆಂಡತಿಗೆ ಮಣ್ಣು ಕೊಡಲು ಮಾತ್ರ ಒಳಗೆ ಹೋಗಿದ್ದರು. ಉಳಿದವರ ಗೋರಿಯೆಲ್ಲ ಮೈಲಿಗೆ. ಹಾಗಾಗಿ ಗೋಡೆಯ ಹೊರಗೆ ಮರದ ಪೆಟ್ಟಿಗೆ ಹತ್ತಿ ಅಬ್ಬರಿಸುತ್ತಿದ್ದರು.

"ಓಡೆಲ್! ದರ್ಜಿ ಪರ್ಲ್‌ಮನ್ ಕಾಲ ಹತ್ರ ಕಳೆ ಬಿಟ್ಟಿದ್ದೀಯಲ್ಲಪ್ಪಾ!"

"ಅವರೇನೂ ಚಾಡಿ ಹೇಳಲ್ಲ ಬಿಡಿ ಸರ್!"

ಊರಿನ ಯಹೂದಿ ಪ್ರಾರ್ಥನಾಮಂದಿರ ಮಾರಾಟವಾಗಿ, ಅಲ್ಲಿ ಆಗಲೇ ಹಲ್ಲಿನ ಡಾಕ್ಟರು ಕೂತಿದ್ದರು. ಯಹೂದಿಗಳೆಂದು ಉಳಿದವರು ಕಗನ್ನರು ಮತ್ತು ಮೊಳೆ, ಸುತ್ತಿಗೆ ಮಾರುವ ಇಜ್ಜಿ ಫಿಂಕ್. ಇಬ್ಬರೂ ದಿನವೂ ಚದುರಂಗದಲ್ಲಿ ಜಗತ್ತನ್ನು ಗೆದ್ದು ಸೋಲುತ್ತಿದ್ದರು.

"ನಾನು ಸತ್ತಾಗ ನೀನು ಗೋಡೆ ಮೇಲಿಂದ ಕಳ್ಳನ ಹಾಗೆ ಇಣುಕ್ತಿರ್ತೀಯ, ಮಹಾಪುರೋಹಿತ!"

"ನಿನ್ನ ಮುಖ ನೋಡೋಕೆ ಅಷ್ಟು ದೂರ ಇದ್ರೇನೇ ಒಳ್ಳೇದು ಕಣೋ."

"ತಮಾಷೆ ಸಾಕು. ಮೊದಲ ಹಿಡಿ ಮಣ್ಣು ನಮ್ಮವರ ಕೈಯಿಂದ್ಲೇ ಬೀಳ್ಬೇಕು. ಯಾರು ಹಾಕ್ತಾರೆ?"

"ನಮ್ಮ ಜನ ಇದ್ದಾರಲ್ಲ."

"ಯಾರಯ್ಯಾ?"

ಕಗನ್ನರು ಹಾಸಿನ ಮೇಲೆ ಕುದುರೆ ನಡೆಸಿದರು.

ಆ ಚಳಿಗಾಲ ರಸ್ತೆಗಳೆಲ್ಲ ಹಿಮಗಟ್ಟಿದಾಗಲೇ ಇಜ್ಜಿ ಕಣ್ಣು ಮುಚ್ಚಿದ. ಮೆಂಫಿಸ್ಸಿನ ಧರ್ಮಗುರು ರಬ್ಬಿ ಬರಲಾಗದೆ ಫೋನಿನಲ್ಲೇ ಉಳಿದರು.

"ದಿಕ್ಕಿಲ್ಲದ ಹೆಣಕ್ಕೆ ಪುರೋಹಿತನೇ ಮೈಲಿಗೆಯಾಗ್ಬೇಕು ಅಂತ ಶಾಸ್ತ್ರವಿದೆ, ಕಗನ್ ಅವರೇ. ನೀವೇ ಒಳಗೆ ಹೋಗಿ."

"ದಿಕ್ಕಿಲ್ಲದ ಹೆಣವಂತೆ! ಇಜ್ಜಿಗೆ ಇಡೀ ಸಮಾಜ ಇದೆ ರೀ!"

"ಹಾಗಾದ್ರೆ ಕೂಗಿ ನೋಡಿ. ಯಾರಾದ್ರೂ ಓಗೊಟ್ರೆ ನೀವು ಹೋಗಬೇಕಾಗಿಲ್ಲ."

ಕಗನ್ನರು ಹೊರಗೆ ನಿಂತಿರುವಷ್ಟು ದಿನ ಬೆಲ್‌ಫೋರ್ಡಿನಲ್ಲಿ ಯಹೂದಿಗಳಿದ್ದಾರೆ. ಒಳಗೆ ಕಾಲಿಟ್ಟರೆ, ಯಾರೂ ಇಲ್ಲವೆಂದು ಅವರೇ ಒಪ್ಪಿದ ಹಾಗೆ.

ಓಡೆಲ್ ಮತ್ತು ಅವನ ಭಾವಂದಿರು ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸಿದರು. ಕಗನ್ನರು ಬಾಗಿಲ ಹೊರಗೆ ನಿಂತು, ಸ್ಮಶಾನಕ್ಕೆ ಬೆನ್ನು ಹಾಕಿ, ಊರಿನ ಕಡೆ ತಿರುಗಿ ಸೇನಾನಿಯ ಗಂಟಲಲ್ಲಿ ಕೂಗಿದರು.

"ಪರ್ಲ್‌ಮನ್! ಬೇಕರಿ ಗಿಟಲ್ಸನ್! ಬಟ್ಟೆ ಅಂಗಡಿ ಸುಸ್‌ಮನ್! ಬನ್ರಯ್ಯಾ, ಇಜ್ಜಿಗೆ ಮಣ್ಣು ಹಾಕ್ಬೇಕು!"

ಪೀಕನ್ ಮರದಿಂದ ಹಿಮದ ಚೂರೊಂದು ಕಳಚಿ ಬಿತ್ತು.

ಓಡೆಲ್ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಸರ್, ಅವರೆಲ್ಲ ಒಳಗೇ ಇದ್ದಾರೆ."

"ಗೊತ್ತಪ್ಪಾ. ಆದ್ರೂ ಕೂಗ್ಬೇಕು."

ಮತ್ತೆ ಕೂಗಿದರು. ಬೇರೂರಿಗೆ ಹೋದವರ ಹೆಸರನ್ನೂ ಕೂಗಿದರು. ಆಮೇಲೆ ಟೋಪಿ ಸರಿಮಾಡಿಕೊಂಡು, ಬಾಗಿಲು ದಾಟಿ, ಪರ್ಲ್‌ಮನ್, ಗಿಟಲ್ಸನ್ನರ ನಡುವೆ ಕಾಲು ತಾಕದಂತೆ ನಡೆದು, ಗುಂಡಿಯ ಬಳಿ ನಿಂತರು. ಸಲಿಕೆ ಎತ್ತಿ ಮಣ್ಣು ಹಾಕಿದರು. ಅದು ಪೆಟ್ಟಿಗೆಯ ಮೇಲೆ ಬಿದ್ದ ಸದ್ದಿಗೆ ಬೈಗುಳವೊಂದು ನಾಲಿಗೆಯವರೆಗೆ ಬಂದು ಹಿಂತಿರುಗಿತು.

ಸಲಿಕೆಯನ್ನು ಕೈಯಿಂದ ಕೈಗೆ ಕೊಡುವ ಪದ್ಧತಿ ಯಹೂದಿಗಳಲ್ಲಿಲ್ಲ, ದುಃಖವನ್ನು ದಾಟಿಸಿದಂತಾಗುತ್ತದೆ. ಮಣ್ಣಿಗೆ ಚುಚ್ಚಿ ಬಿಡಬೇಕು, ಮುಂದಿನವನು ತಾನೇ ಎತ್ತಿಕೊಳ್ಳಬೇಕು. ಕಗನ್ನರು ಸಲಿಕೆಯನ್ನು ಚುಚ್ಚಿ, ಪಕ್ಕಕ್ಕೆ ಸರಿದು, ದಾರಿ ಬಿಟ್ಟು ನಿಂತರು.

ಬಹಳ ಹೊತ್ತು ನಿಂತರು. ಆಮೇಲೆ ಅವರೇ ಮುಂದೆ ಬಂದು ಅದನ್ನು ಎತ್ತಿಕೊಂಡರು.