ಬೈಪಾಸ್ ಎಂಬ ಪದಕ್ಕೆ ನಾನು ಹೇಳಿದ ಅರ್ಥ

ಮೊನ್ನೆ ಹಾಸನದಲ್ಲಿ ನಮ್ಮ ಮಿಕ್ಸಿ ಕೆಟ್ಟಿತು. ರಿಪೇರಿ ಅಂಗಡಿಯ ಹುಡುಗಿ ಕೌಂಟರಿನ ಮೇಲೇ ಅದರ ತಳ ಬಿಚ್ಚಿ, ಕಾದ ಸಾಲ್ಡರಿಂಗ್ ಐರನ್ನಿನ ತುದಿಯನ್ನು ರಾಳಕ್ಕೆ ತಾಗಿಸಿದಳು. ತೆಳ್ಳಗೆ ಹೊಗೆ ಎದ್ದಿತು. ಧೂಪವೂ ಅಲ್ಲ, ಔಷಧಿಯೂ ಅಲ್ಲ, ಎರಡರ ನಡುವಿನ ಆ ವಾಸನೆ... “ಮೇಡಂ, ರೆಡಿ” ಎಂದು ಅವಳು ಎರಡು ಸಲ ಹೇಳಬೇಕಾಯಿತು.

ಹೊಳೆನರಸೀಪುರದ ಪೇಟೆಬೀದಿಯಲ್ಲಿ ನಮ್ಮ ತಂದೆಯ ಬಟ್ಟೆ ಅಂಗಡಿಗೆ ಅಂಟಿಕೊಂಡೇ, ಇದೇ ವಾಸನೆಯ ಒಂದು ರೇಡಿಯೋ ರಿಪೇರಿ ಅಂಗಡಿಯಿತ್ತು. ಅದರ ಯಜಮಾನರನ್ನು ಊರೆಲ್ಲ ‘ರೇಡಿಯೋದವರು’ ಎನ್ನುತ್ತಿತ್ತು, ನಾನು ಮಾಮ ಎನ್ನುತ್ತಿದ್ದೆ. ಹಾಸನದ ಕಾನ್ವೆಂಟ್ ಹಾಸ್ಟೆಲಿನಿಂದ ರಜೆಗೆ ಬಂದರೆ ಅವರ ಅಂಗಡಿಯ ಸ್ಟೂಲೇ ನನ್ನ ಜಾಗ. ನನ್ನನ್ನು ಅವರು ಕರೆಯುತ್ತಿದ್ದದ್ದು ‘ಕಾನ್ವೆಂಟಮ್ಮ’ ಎಂದು.

ಅವರು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವರು. ಆದರೆ ರೇಡಿಯೋದ ಬೆನ್ನಿನ ರಟ್ಟು ತೆಗೆದು, ಒಂದು ಗಳಿಗೆ ಕಿವಿಗೊಟ್ಟು, ಒಳಗಿನ ಗಾಜಿನ ಬುರುಡೆಯಂಥ ವಾಲ್ವ್‌ಗಳಲ್ಲಿ ಯಾವುದು ಸೋತಿದೆ ಎಂದು ಹೇಳಿಬಿಡುತ್ತಿದ್ದರು. ದಪ್ಪ ಬೆರಳುಗಳು, ಆದರೆ ಅವರು ಇಟ್ಟ ಬೆಸುಗೆ ಸಾಸಿವೆ ಕಾಳಿನಷ್ಟೇ ಇರುತ್ತಿತ್ತು. ಅಂಥ ಫಿನಿಶಿಂಗನ್ನು ನಾನು ನಮ್ಮ ಸಿಸ್ಟರ್‌ಗಳ ಎಂಬ್ರಾಯ್ಡರಿಯಲ್ಲಿ ಮಾತ್ರ ಕಂಡಿದ್ದೆ.

ಒಂದು ಬೇಸಿಗೆ, ಅರಕಲಗೂಡಿನಲ್ಲಿ ಟೂರಿಂಗ್ ಟಾಕೀಸ್ ಹಾಕಿದ್ದವರೊಬ್ಬರು ಹೊಸ ಆಂಪ್ಲಿಫೈಯರ್ ಕಟ್ಟಿಕೊಡಿ ಎಂದು ಬಂದರು. ಚೆನ್ನಾಗಿ ಬಂದರೆ ಚನ್ನರಾಯಪಟ್ಟಣದ ಟೆಂಟಿನ ಕೆಲಸವೂ ನಿಮ್ಮದೇ ಎಂದರು. ಅದುವರೆಗೆ ಬೇರೆಯವರು ಕಟ್ಟಿದ್ದನ್ನಷ್ಟೇ ಸರಿಮಾಡುತ್ತಿದ್ದ ಮಾಮನಿಗೆ ತಾವೇ ಒಂದನ್ನು ಕಟ್ಟುವ ಆಸೆ ಎಷ್ಟು ವರ್ಷದ್ದೋ! ಔಟ್‌ಪುಟ್ ವಾಲ್ವ್ ಒಂದನ್ನು ಬೆಂಗಳೂರಿನಿಂದ ಕಾದು ತರಿಸಿದರು.

ಸರ್ಕ್ಯೂಟ್ ಇದ್ದದ್ದು ಒಂದು ಹಳೆಯ ಇಂಗ್ಲಿಷ್ ಪುಸ್ತಕದಲ್ಲಿ. ಚಿತ್ರ ಅವರು ಓದುತ್ತಿದ್ದರು, ಅಕ್ಷರ ನಾನು. ಆದರೆ ಚಿತ್ರದ ಒಂದು ಮೂಲೆಯನ್ನು, ಸರಿಯಾಗಿ ವಾಲ್ವಿನ ಕ್ಯಾಥೋಡ್ ಎಂಬ ಕಾಲು ಇದ್ದ ಮೂಲೆಯನ್ನೇ, ಗೆದ್ದಲು ತಿಂದಿತ್ತು. ಅಲ್ಲಿ ಕರೆಂಟಿಗೆ ತಡೆಹಾಕುವ ಒಂದು ರೆಸಿಸ್ಟರ್ ಇದೆಯೆಂದು ಪಕ್ಕದ ಬರಹ ಹೇಳುತ್ತಿತ್ತು. ಪೂರ್ತಿ ಸೌಂಡ್ ಬೇಕಾದರೆ ಅದನ್ನು ಬೈಪಾಸ್ ಮಾಡಬೇಕು ಎಂದೂ ಹೇಳುತ್ತಿತ್ತು. ನಾನು ತಟಕ್ಕನೆ, ಬೈಪಾಸ್ ಅಂದರೆ ತಪ್ಪಿಸುವುದು, ರೆಸಿಸ್ಟರ್ ತೆಗೆದುಬಿಡಿ ಎಂದೆ. ಮಾಮ ತಲೆ ಕೆರೆದುಕೊಂಡರು. ಕೆಲವು ಸೆಟ್‌ಗಳಲ್ಲಿ ಕ್ಯಾಥೋಡ್ ನೇರವಾಗಿ ಅರ್ತಿಂಗಿಗೆ ಸೇರಿರುವುದನ್ನು ಅವರು ನೋಡಿದ್ದರಂತೆ. ಆದರೂ ಇನ್ನೊಂದು ಸಲ ಓದು ಎಂದರು. ಇಂಗ್ಲಿಷ್‌ನಲ್ಲಿ ನಾನು ಕ್ಲಾಸಿಗೆ ಫಸ್ಟ್! ಓದಲಿಲ್ಲ. ಅರ್ಥ ಅದೇ ಎಂದೆ. ಮಾಮ ರೆಸಿಸ್ಟರ್ ಬಿಟ್ಟು, ಕ್ಯಾಥೋಡನ್ನು ನೇರವಾಗಿ ಅರ್ತಿಂಗಿಗೆ ಬೆಸೆದರು.

ಟಾಕೀಸಿನ ಯಜಮಾನರು ಬಂದು ಎದುರಿಗೇ ಕೂತರು. ಸ್ವಿಚ್ ಹಾಕಿ, ಮಾಮ ಅವರ ಜೊತೆ ಮಾತಿಗೆ ತಿರುಗಿದರು. ವಾಲ್ವಿನ ಗಾಜಿನೊಳಗಿನ ತಗಡು ಕೆಂಡದಂತೆ ಕೆಂಪಾದದ್ದನ್ನು ಮೊದಲು ಕಂಡವಳು ನಾನು. ಮಾಮನ ಅಂಗಿ ಜಗ್ಗಿದೆ. ಅವರು ತಿರುಗಿ ಸ್ವಿಚ್ ತೆಗೆಯುವಷ್ಟರಲ್ಲಿ ವಾಲ್ವ್ ಸತ್ತಿತ್ತು.

“ಏನಯ್ಯಾ, ನನ್ ಟಾಕೀಸ್ಗೇ ಹೊಗೆ ಹಾಕ್ಬುಟ್ಯಲ್ಲ” ಎಂದರು ಯಜಮಾನರು.

ಮಾಮ ನನ್ನ ಕಡೆ ನೋಡಲೂ ಇಲ್ಲ. “ನನ್ನ ಕೈ ತಪ್ತು ಸಾ” ಎಂದರು.

ಇನ್ನೊಂದು ವಾಲ್ವ್ ತರಿಸುವವರೆಗೆ ಕಾಯಲು ಯಜಮಾನರು ಒಪ್ಪಲಿಲ್ಲ. ಕೆಲಸ ಹಾಸನದ ಯಾವುದೋ ಅಂಗಡಿಗೆ ಹೋಯಿತು. ಚನ್ನರಾಯಪಟ್ಟಣದ್ದೂ. ನಾನು ಅಳುತ್ತಾ ಕೂತಿದ್ದೆ. ಮಾಮ ಪುಸ್ತಕವನ್ನು ನನ್ನ ಮಡಿಲಿಗಿಟ್ಟು, ಈಗ ನಿಧಾನಕ್ಕೆ ಓದು ಎಂದರು. ವಾಕ್ಯದ ಬಾಲದಲ್ಲಿ ‘ಒಂದು ಕೆಪಾಸಿಟರ್ ಮೂಲಕ’ ಎಂದಿತ್ತು. ನಾನು ಅದನ್ನು ನುಂಗಿಬಿಟ್ಟಿದ್ದೆ.

ಅವರು ಗೆದ್ದಲು ತಿಂದ ಮೂಲೆಯ ಮೇಲೆ ಬೆರಳಾಡಿಸಿದರು. ಆಮೇಲೆ, ಅಷ್ಟೆಲ್ಲ ಕಳೆದುಕೊಂಡ ಮನುಷ್ಯನ ಮುಖ ಅರಳಿತು.

“ದಾರಿ ಕಿತ್ತಾಕೋದಲ್ಲ ಕಣವ್ವ, ಪಕ್ದಾಗೆ ಕೆಪಾಸಿಟರ್ ಇಕ್ಕಿ ಇನ್ನೊಂದು ದಾರಿ ಬುಡೋದು. ಹಾಡು ಆ ಪಕ್ಕದ ದಾರೀಲಿ ಓಯ್ತದೆ. ರೆಸಿಸ್ಟರ್ ಅಲ್ಲೇ ಇರ್ಬೇಕು. ವಾಲ್ವು ಜಾಸ್ತಿ ಹರಿಯಾಕೋದ್ರೆ ಅದೇ ಇಡ್ದು ಎಳೀತದೆ. ತನ್ನ ಮೂಗುದಾರ ತಾನೇ ಇಡ್ಕಂಡಂಗೆ.”

ಮುಂದೆ ಫಿಸಿಕ್ಸ್ ಓದಿದೆ, ಓದಿಸಿದೆ. ಕ್ಯಾಥೋಡ್ ಬಯಾಸ್ ಎಂಬ ಈ ಮೂಗುದಾರವನ್ನು ಇದಕ್ಕಿಂತ ಕ್ಲಿಯರ್ ಆಗಿ ಯಾರೂ ಹೇಳಿದ್ದು ನೆನಪಿಲ್ಲ. ಮುಂದಿನ ರಜೆಯಲ್ಲಿ ಮಾಮ ತಮಗಾಗಿಯೇ ಒಂದು ಆಂಪ್ಲಿಫೈಯರ್ ಕಟ್ಟಿದ್ದರು. ಅದರ ದನಿ ಎಷ್ಟು ತುಂಬಿತ್ತು, ಎಷ್ಟು ಮೆತ್ತಗಿತ್ತು ಎಂದರೆ... ಅದನ್ನು ಕೊಳ್ಳುವವರು ಮಾತ್ರ ಬರಲಿಲ್ಲ. ಕೈ ತಪ್ಪಿದವರು ಎಂಬ ಮಾತು ಊರಿನಲ್ಲಿ ನಿಂತುಬಿಟ್ಟಿತ್ತು. ನಮ್ಮ ತಂದೆಯೂ ಒಮ್ಮೆ ಊಟಕ್ಕೆ ಕೂತು ಹಾಗೇ ಅಂದರು. ನಾನು ತಲೆ ತಗ್ಗಿಸಿ ಮಜ್ಜಿಗೆ ಕಲಸಿಕೊಂಡೆ.

ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಎಷ್ಟೋ ತಿಂಗಳ ಮೇಲೆ. ಆ ಟಾಕೀಸಿನವರಿಲ್ಲ, ನಮ್ಮ ತಂದೆಯಿಲ್ಲ, ಅಂದು ಆಡಿಕೊಂಡ ಪೇಟೆಬೀದಿಯವರೂ ಇಲ್ಲ. ಈಗ ಯಾರ ಮುಂದೆ ಹೇಳಿದರೂ ಮಾಮನಿಗೆ ಆ ಕೆಲಸ ವಾಪಸ್ ಬರುವುದಿಲ್ಲ. ಆದರೂ ನನ್ನ ಕೈಯಾರೆ ಬರೆದಿಡುತ್ತೇನೆ: ಅವರ ಕೈ ತಪ್ಪಿರಲಿಲ್ಲ.